ತೊಳೆದ ಮುಖ

"ಗುರುಗಳೇ, ನಾಟಕ ಗೆದ್ದಿತು ಅಂತ ಊರೇ ಹೇಳುತ್ತಿದೆ. ನೀವೊಬ್ಬರೇ ಯಾಕೆ ಸುಮ್ಮನಿದ್ದೀರಿ?"

ಕೇಳಿದವನು ಬಸಲಿಂಗ. ಹಿಂದಿನ ದಿನ ಹುಡುಗರ ತಂಡ ಮೊದಲ ಸಲ ನಾಟಕ ಆಡಿತ್ತು. ದಂಡಿಗೆ ಹೋಗಿ ಕಾಣೆಯಾದ ಮಗ ಮನೆಗೆ ಮರಳುವ ಪಾತ್ರ ಅವನದು. ಅವರ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ದ್ಯಾಮವ್ವನ ಮಗ ಹೋದ ವರ್ಷ ತೀರಿಕೊಂಡಿದ್ದ. ಆ ಮಗ ಟವೆಲು ಸುತ್ತುತ್ತಿದ್ದ ರೀತಿ, ಒಂದು ಭುಜ ಇಳಿಸಿ ನಡೆಯುತ್ತಿದ್ದ ನಡೆ, ಎಲ್ಲವನ್ನೂ ಬಸಲಿಂಗ ತನ್ನ ಪಾತ್ರಕ್ಕೆ ತಂದುಕೊಂಡಿದ್ದ. ರಂಗದ ಮೇಲೆ ಬಸಲಿಂಗನನ್ನು ಕಂಡ ಕೂಡಲೇ ದ್ಯಾಮವ್ವ ಎದ್ದು ನಿಂತು ಎರಡೂ ಕೈ ಚಾಚಿದ್ದಳು. ಜನ ಚಪ್ಪಾಳೆ ತಟ್ಟಿದ್ದರು.

"ಹೆತ್ತವಳೇ ನಂಬಿದಳು. ನಟನಿಗೆ ಇನ್ನೇನು ಬೇಕು?" ಅಂದ.

"ಕೂತುಕೋ" ಅಂದರು ಗುರುಗಳು. ಕತೆ ಹೇಳಿದರು.

ಒಬ್ಬ ಹಗಲುವೇಷದವನಿದ್ದ. ಅವನ ಕುಲದಲ್ಲಿ ಒಂದು ಕಟ್ಟಳೆ. ಊರಿಗೆ ಬಂದು ದಿನಕ್ಕೊಂದು ವೇಷ ಹಾಕಬೇಕು. ಊರು ಬಿಡುವ ದಿನ ಬಣ್ಣ ತೊಳೆದು, ವೇಷ ತೋರಿಸಿದ ಮನೆಗಳಿಗೆಲ್ಲ ಬರಿಯ ಮುಖದಲ್ಲಿ ಹೋಗಬೇಕು. "ತಾಯಿ, ಆವತ್ತು ಬಂದವನು ನಾನೇ" ಅಂತ ಹೇಳಿದ ಮೇಲೆಯೇ ಕಾಳು ಬೇಡಬೇಕು.

ಒಂದು ಊರಿನಲ್ಲಿ ಒಬ್ಬ ಮುದುಕಿ. ಅವಳ ಮಗ ಹೊಳೆ ಪಾಲಾಗಿದ್ದ. ಹೆಣ ಸಿಕ್ಕಿರಲಿಲ್ಲ. ವರ್ಷಗಟ್ಟಲೆ ಅತ್ತು, ಕೊನೆಗೆ ತಿಥಿ ಮಾಡಿ, ಅವಳು ಹೇಗೋ ಉಣ್ಣುವುದನ್ನು ಕಲಿತಿದ್ದಳು. ವೇಷದವನಿಗೆ ಇದು ತಿಳಿಯಿತು. ಹುಲಿಯಾಗಿ ಮಕ್ಕಳನ್ನು ಹೆದರಿಸುವುದು ಯಾವ ದೊಡ್ಡ ವಿದ್ಯೆ, ಹೆತ್ತ ತಾಯಿ ನಂಬಿದರಲ್ಲವೇ ವೇಷ ಅಂದುಕೊಂಡ. ಸತ್ತವನ ನಡೆ ನುಡಿ ಹೇಗಿತ್ತೆಂದು ಬಾವಿಕಟ್ಟೆಯಲ್ಲಿ ಕೇಳಿ ಕಲಿತ. ಗಡ್ಡ ಅಂಟಿಸಿಕೊಂಡು ಹೋಗಿ, "ಯವ್ವಾ, ಹಸಿವು" ಅಂತ ಹೊಸ್ತಿಲಲ್ಲಿ ನಿಂತ.

ಮುದುಕಿಗೆ ಕಣ್ಣು ಮಬ್ಬು. ಮುಖ ಸವರಿ ಒಳಗೆ ಕರೆದಳು. ರೊಟ್ಟಿ ತಟ್ಟಿದಳು. ಉಂಡ. "ಮತ್ತೆ ಬರ್ತೀನಿ" ಅಂತ ಹೇಳಿ ಹೊರಟ.

ಊರು ಬಿಡುವ ದಿನ ಬಣ್ಣ ತೊಳೆದು ಮನೆಮನೆಗೆ ಹೋದ. ಮುದುಕಿಯ ಬಾಗಿಲಿಗೆ ಬಂದಾಗ ಒಳಗೆ ಬೀಸುವ ಹಾಡು ಕೇಳಿಸಿತು. ಆ ಮನೆಯಲ್ಲಿ ಹಾಡು ನಿಂತು ಎಷ್ಟೋ ಕಾಲವಾಗಿತ್ತು. ಕಾಲು ಹಿಂದೆ ಸರಿಯಿತು.

ಜೊತೆಗಿದ್ದ ಮಾವ, "ಈ ಮನೆ ಉಳೀತಲ್ಲೋ" ಅಂದ.

"ಬಿಡು ಮಾವ. ಒಂದು ಬೊಗಸೆ ಜೋಳಕ್ಕೆ ಅವಳ ಸಂತೋಷ ಯಾಕೆ ಕೆಡಿಸಲಿ?"

"ಅವಳ ಸಂತೋಷವೋ, ನಿನ್ನದೋ?" ಅಂತ ಮಾವ ನಕ್ಕ. ಇವನು ಮುಂದೆ ನಡೆದ.

ಮರುವರ್ಷ ಆ ಊರಿಗೆ ಬಂದಾಗ ಮುದುಕಿಯ ಬಾಗಿಲಿಗೆ ಬೀಗ. ಪಕ್ಕದ ಮನೆಯವಳು ಅಕ್ಕಿ ಆರಿಸುತ್ತ ಕೂತಿದ್ದಳು.

"ಯಾರನ್ನು ಕೇಳ್ತೀಯಪ್ಪ? ಮಗ ಬಂದಿದ್ದ, ಮತ್ತೆ ಬರ್ತೀನಿ ಅಂದಿದ್ದಾನೆ ಅಂತ ದಿನಾ ರೊಟ್ಟಿ ಕಟ್ಟಿಕೊಂಡು ಹೊಳೆ ದಂಡೆಗೆ ಹೋಗ್ತಿದ್ದಳು. ಹುಚ್ಚು ಮುದುಕಿ ಅಂತ ನಾವೂ ನಕ್ಕೆವು. ಹೊಳೆ ತುಂಬಿದ ದಿನವೂ ಹೋದಳು. ಬುತ್ತಿ ಬಟ್ಟೆ ಜಾಲಿ ಮುಳ್ಳಿಗೆ ಸಿಕ್ಕಿಕೊಂಡಿತ್ತು, ಅಷ್ಟೇ." ಮೊರ ಕೆಳಗಿಟ್ಟು ಅವನನ್ನು ನೋಡಿದಳು. "ನೀನು ಅವಳಿಗೆ ಏನಾಗಬೇಕು?"

ಅವನ ಮುಖದಲ್ಲಿ ಅಂದು ಬಣ್ಣವಿರಲಿಲ್ಲ. ಆದರೂ ನಾನೇ ಅಂತ ಹೇಳುವುದಕ್ಕೆ ಅವನಿಗೆ ಬಾಯಿ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಬಸಲಿಂಗ ಇನ್ನೂ ಏನೋ ಇದೆಯೆಂದು ಕಾದ. ಹಾಸ್ಟೆಲಿನ ಅಡುಗೆಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಹುಡುಗರು ತಟ್ಟೆ ಹಿಡಿದು ಅಂಗಳದಲ್ಲಿ ನಿಂತಿದ್ದರು. ಅವನು ಅತ್ತ ನೋಡಿದ, ಆಮೇಲೆ ತಲೆ ಎತ್ತಲಿಲ್ಲ.

"ದ್ಯಾಮವ್ವ ಇವತ್ತು ಬಂದಿಲ್ಲ. ಮಗನೇ, ನೀನು ಮುಖ ತೊಳೆದುಕೊಂಡು ಅವಳ ಮನೆಗೆ ಹೋಗಿದ್ದೆಯಾ?" ಅಂದರು ಗುರುಗಳು.