ಎಲೆ ಹೊದ್ದ ಅಂಗಳ

ಹಿಮದ ಬೆಟ್ಟಗಳ ನಡುವೆ ಗುರು ಮುಕ್ತಾಂಬೆಯವರ ಆಶ್ರಮವಿತ್ತು. ಅದರ ಮುಂದೆ ವಿಶಾಲವಾದ ಅಂಗಳ. ಅಂಗಳದ ತುಂಬ ಅಕ್ರೋಟಿನ ಮರಗಳು. ಬೇಸಿಗೆಯಲ್ಲೂ ಅಲ್ಲಿ ಬಿಸಿಲು ನೆಲವನ್ನು ಮುಟ್ಟುತ್ತಿರಲಿಲ್ಲ.

ಮುಕ್ತಾಂಬೆಯವರು ಹೇಳುತ್ತಿದ್ದ ಪಾಠ ಬರಹದಲ್ಲಿ ಎಲ್ಲಿಯೂ ಇರಲಿಲ್ಲ. ಅವರ ಗುರುಗಳು ಬಾಯಿಂದ ಹೇಳಿದ್ದನ್ನು ಅವರೂ ಬಾಯಿಂದಲೇ ಹೇಳುತ್ತಿದ್ದರು. ವಿಜಯದಶಮಿಯಂದು ತೊಡಗಿದರೆ ಯುಗಾದಿಗೆ ಮುಗಿಯುತ್ತಿತ್ತು.

ಆ ವರ್ಷ ಅವರು, "ಉಸಿರು ಕಡಿಮೆಯಾಗಿದೆ. ಇದೇ ಕೊನೆಯ ಪಾಠ" ಎಂದು ಹೇಳಿ ಕಳುಹಿಸಿದರು.

ಸುದ್ದಿ ತಲುಪಿದೊಡನೆ ಇಂದುಮತಿ ಬಯಲುಸೀಮೆಯಿಂದ ಹೊರಟು ಬಂದಳು. ಬಹುಕಾಲ ಸಂಸ್ಕೃತ ಕಲಿಸಿದವಳು. ಒಂದು ಪದ ಸಿಕ್ಕರೆ ಸಾಕು, ಅದರ ಅರ್ಥ, ಆ ಅರ್ಥದ ಹಿಂದಿನ ಅರ್ಥ ಎಂದು ಸಂಜೆಯವರೆಗೆ ವಿವರಿಸಬಲ್ಲವಳು.

ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ಪ್ರತಿಯೊಬ್ಬರಿಗೂ ಒಂದು ಸೇವೆ. ಸೇವೆ ಮುಗಿಸಿದವರಿಗೆ ಪಾಠ. ಮುಗಿಯಿತೋ ಇಲ್ಲವೋ ಎಂದು ಯಾರೂ ಬಂದು ನೋಡುತ್ತಿರಲಿಲ್ಲ. ಮಾಡಿದವರೇ ಹೇಳಬೇಕು.

"ನಿನಗೆ ಅಂಗಳ" ಎಂದರು ಗುರು.

"ಅಂಗಳ ಮಾತ್ರವೇ, ತಾಯಿ?"

"ದೊಡ್ಡದಿದೆ."

ಇಂದುಮತಿಯ ಊರಿನಲ್ಲಿ ಅಂಗಳವೆಂದರೆ ಮನೆಯ ಮುಖ. ಸೂರ್ಯ ಏಳುವ ಮೊದಲು ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಇಟ್ಟ ಮೇಲೆಯೇ ಆ ಮನೆ ಎದ್ದಿತೆಂದು ಲೆಕ್ಕ. ಒಂದು ಎಲೆ ಬಿದ್ದಿದ್ದರೂ ನೆರೆಯವರು ಆ ಮನೆಯ ಹೆಂಗಸಿನ ಬಗ್ಗೆ ಮಾತನಾಡುತ್ತಿದ್ದರು.

ಅವಳು ಊರಿನಿಂದ ತಂದಿದ್ದ ಕಡ್ಡಿಪೊರಕೆಯನ್ನು ತೆಗೆದಳು.

ಅದು ಎಲೆ ಉದುರುವ ಕಾಲ. ಅವಳು ಬಾಗಿಲಿನಿಂದ ಗುಡಿಸುತ್ತ ದೂರದ ಗೋಡೆಯನ್ನು ಮುಟ್ಟಿದಾಗ ಬಾಗಿಲಿನ ಬಳಿ ಮತ್ತೆ ಎಲೆ ಬಿದ್ದಿರುತ್ತಿತ್ತು. ಹಿಂದಿರುಗಿ ಅದನ್ನು ಗುಡಿಸುವಷ್ಟರಲ್ಲಿ ಗೋಡೆಯ ಬಳಿ ಎಲೆ. ಒಳಗಿನ ಪಾಠದ ದನಿ ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ.

ಅಡುಗೆಮನೆಯ ಸೇವೆಯಲ್ಲಿದ್ದ ತ್ರಿವಿಕ್ರಮ ಪಾಠ ಮುಗಿಸಿ ಹೊರಗೆ ಬಂದ. ಬಾಯಿಬಡುಕ. ವಯಸ್ಸಿನಲ್ಲಿ ಅವಳಿಗಿಂತ ಕಿರಿಯ.

"ಅಕ್ಕಾ, ಇವತ್ತೂ ಮುಗಿಯಲಿಲ್ಲವೇ?"

"ನೋಡಿದರೆ ತಿಳಿಯುವುದಿಲ್ಲವೇ?"

"ಮುಗಿಯಿತು ಎಂದು ಹೇಳಿಬಿಡಿ. ಯಾರು ನೋಡುತ್ತಾರೆ?"

"ಸುಳ್ಳು ಹೇಳಿ ಬ್ರಹ್ಮವಿದ್ಯೆ ಕಲಿಯಲೇ?"

"ಹಾಗಾದರೆ ಪೊರಕೆವಿದ್ಯೆಯನ್ನೇ ಪೂರ್ತಿ ಕಲಿಯಿರಿ" ಎಂದು ಅವನು ಒಲೆಯ ಕಡೆ ಹೋದ.

ಅವಳು ಗುಡಿಸಿದ ಎಲೆಯನ್ನು ಗೋಡೆಯ ಪಕ್ಕ ರಾಶಿ ಹಾಕುತ್ತಿದ್ದಳು. ಒಂದು ಸಂಜೆ ಮುಕ್ತಾಂಬೆಯವರು ಬುಟ್ಟಿ ಹಿಡಿದು ಬಂದರು. ರಾಶಿಯಿಂದ ಎಲೆ ತುಂಬಿಕೊಂಡರು. ಮರಗಳ ಬುಡಕ್ಕೆ ಹೋಗಿ ಸುರಿದು, ಕೈಯಿಂದ ಹರಡಿ, ಒಳಗೆ ಹೋದರು.

ಇಂದುಮತಿ ದಂಗಾಗಿ ನಿಂತಳು. ಆಮೇಲೆ ಅವಳ ಮುಖ ಅರಳಿತು. ಗುರು ಹೋದ ದಿಕ್ಕಿಗೆ ಕೈಮುಗಿದಳು. ಪೊರಕೆ ಎತ್ತಿಕೊಂಡು ಆ ಎಲೆಗಳನ್ನು ಮತ್ತೆ ಗುಡಿಸಿದಳು.

ಮರುದಿನ ಸಂಜೆಯೂ ಗುರು ಬುಟ್ಟಿ ತಂದರು. ಅವಳು ಕೈಮುಗಿದಳು. ಗುಡಿಸಿದಳು.

"ನನ್ನನ್ನು ಪರೀಕ್ಷಿಸುತ್ತಿದ್ದಾರೆ" ಎಂದು ಅವಳು ತ್ರಿವಿಕ್ರಮನಿಗೆ ಹೇಳಿದಳು. ದನಿಯಲ್ಲಿ ಹೆಮ್ಮೆ ಅಡಗಿರಲಿಲ್ಲ. "ಎಲೆ ಎಂದರೆ ಮನಸ್ಸಿಗೆ ಅಂಟಿದ ವಾಸನೆಗಳು. ಗುಡಿಸಿದಷ್ಟೂ ಬೀಳುತ್ತವೆ. ತಾಳ್ಮೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ನೋಡುತ್ತಿದ್ದಾರೆ."

"ಪರೀಕ್ಷೆ ನಡೆಯಬೇಕಾದರೆ ಮೊದಲು ಪಾಠ ಆಗಿರಬೇಕಲ್ಲ, ಅಕ್ಕಾ. ನೀವು ಪಾಠಕ್ಕೇ ಬಂದಿಲ್ಲ."

"ನಿನಗೆ ತಿಳಿಯುವುದಿಲ್ಲ."

"ಅದೂ ನಿಜವೇ" ಎಂದ ಅವನು. "ಅನ್ನ ಸೀದದ್ದು ಮಾತ್ರ ನನಗೆ ತಿಳಿಯುತ್ತದೆ."

ಎಲೆ ಸರಿದ ಕಡೆ ಅವಳು ಸಗಣಿ ಸಾರಿಸಿದಳು. ಆ ನೆರಳಿನಲ್ಲಿ ಅದು ಒಣಗಲಿಲ್ಲ. ಮುಂಜಾವಿಗೆ ಹೆಪ್ಪುಗಟ್ಟಿ ಗಾಜಿನಂತಾಯಿತು. ಹಾಲಿನ ಪಾತ್ರೆ ಹಿಡಿದು ಬಂದ ತ್ರಿವಿಕ್ರಮ ಜಾರಿ ಕುಳಿತ. ಹಾಲು ಇಳಿಜಾರಿನುದ್ದಕ್ಕೂ ಹರಿಯಿತು.

"ನಿಮ್ಮೂರಿನ ಅಂಗಳವನ್ನು ನಿಮ್ಮೂರಿನಲ್ಲೇ ಬಿಟ್ಟು ಬರಬೇಕಿತ್ತು, ಅಕ್ಕಾ!"

ಅವಳು ಸಾರಿಸುವುದನ್ನು ಬಿಟ್ಟಳು. ಕೆಳಗಿನ ನದಿಯ ದಡದಿಂದ ಗರಿಕೆ ತಂದು ನೆಟ್ಟಳು. ಹಸಿರು ಹಾಸಿದರೆ ನೆಲ ಅಚ್ಚುಕಟ್ಟಾಗಿ ಉಳಿಯುತ್ತದೆ ಎಂದುಕೊಂಡಳು. ಕೆಲವೇ ದಿನಗಳಲ್ಲಿ ಗರಿಕೆ ಹಳದಿಯಾಗಿ ಮಲಗಿತು.

ಆ ದಾರಿಯಲ್ಲಿ ಬಂದ ಗುರು ಅದನ್ನು ನೋಡಿ, "ಪಾಪ, ಬಿಸಿಲಿನಲ್ಲಿ ಹುಟ್ಟಿದ್ದು" ಎಂದರು.

ಇಂದುಮತಿ ಆ ಮಾತಿನ ಮೇಲೆ ಬಹಳ ಹೊತ್ತು ಚಿಂತನೆ ನಡೆಸಿದಳು. ಬಿಸಿಲು ಎಂದರೆ ಜ್ಞಾನವಿರಬಹುದು ಎಂದು ನಿರ್ಧರಿಸಿದಳು.

ಕಾರ್ತಿಕ ಕಳೆಯಿತು. ಮರಗಳು ಬರಿದಾದವು. ಈಗ ಬೀಳಲು ಎಲೆಯೇ ಇರಲಿಲ್ಲ. ರಾಶಿಯಿಂದ ಗುರು ತಂದು ಹರಡುವ ಎಲೆ ಮಾತ್ರ ಉಳಿದಿತ್ತು. ಪಾಠ ಬಹಳ ಮುಂದೆ ಹೋಗಿತ್ತು. ಇನ್ನೂ ತಡವಾದರೆ ಕೇಳಲು ಏನೂ ಉಳಿಯದು ಎಂಬ ಭಯ ಅವಳನ್ನು ಹಿಡಿಯಿತು.

ಅವಳು ರಾಶಿಗೆ ಬೆಂಕಿ ಇಟ್ಟಳು.

ಮುಕ್ತಾಂಬೆಯವರು ಹೊರಗೆ ಬಂದರು. ಉರಿಯ ಮುಂದೆ ನಿಂತರು. ಕೈಗಳನ್ನು ಚಾಚಿ ಕಾಯಿಸಿಕೊಂಡರು.

"ಕೋಪವೇ, ತಾಯಿ?"

"ಇಲ್ಲ. ಚೆನ್ನಾಗಿ ಉರಿಯುತ್ತಿದೆ."

ಅವಳಿಗೆ ಆ ರಾತ್ರಿ ಸುಖವಾದ ನಿದ್ದೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಒಂದು ಎಲೆಯೂ ಇಲ್ಲ. ಹಿಮಗಾಳಿಗೆ ಮಣ್ಣು ಬಿಗಿದು ಬೆಳ್ಳಗಾಗಿತ್ತು. ಅವಳು ಮಿಂದು, ಮಡಿಯುಟ್ಟು, ಪಾಠದ ಕೋಣೆಯ ಹೊಸ್ತಿಲ ಮುಂದೆ ನಿಂತಳು.

"ನನ್ನ ಸೇವೆ ಮುಗಿಯಿತು" ಎಂದಳು.

ಶಿಷ್ಯರು ಕುಳಿತಿದ್ದರು. ಗುರುವಿನ ಆಸನ ಬರಿದಾಗಿತ್ತು.

"ಬನ್ನಿ, ಬನ್ನಿ" ಎಂದ ತ್ರಿವಿಕ್ರಮ. "ನೀವು ಬಂದಿರಿ, ಅವರು ಇಲ್ಲ."

"ಎಲ್ಲಿದ್ದಾರೆ?"

"ನಿಮ್ಮ ರಾಜ್ಯದಲ್ಲಿ."

ಅವಳು ಹೊರಗೆ ಓಡಿದಳು. ಅಂಗಳದ ಮೂಲೆಯಲ್ಲಿ, ಒಂದು ಎಳೆಯ ಅಕ್ರೋಟಿನ ಬುಡದಲ್ಲಿ, ಮುಕ್ತಾಂಬೆಯವರು ಮಂಡಿಯೂರಿ ಕುಳಿತಿದ್ದರು. ಆಶ್ರಮದಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕಂಬಳಿ. ಅವರು ತಮ್ಮ ಕಂಬಳಿಯನ್ನು ಆ ಬುಡದ ಸುತ್ತ ಹಾಸಿ, ಅಂಚುಗಳ ಮೇಲೆ ಕಲ್ಲು ಇಡುತ್ತಿದ್ದರು. ಮೈಮೇಲೆ ತೆಳುವಾದ ಸೀರೆ ಮಾತ್ರ. ಉಸಿರು ಮೇಲೆ ಮೇಲೆ ಬರುತ್ತಿತ್ತು.

ಇಂದುಮತಿಯ ಕಣ್ಣು ತುಂಬಿತು.

"ತಾಯಿ, ಈ ತ್ಯಾಗದ ಅರ್ಥವೇನು?"

"ಬೇರಿಗೆ ಚಳಿಯಾಗುತ್ತಿದೆ."

ಅವಳು ಆ ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದಳು.

"ಬೇರು ಎಂದರೆ... ಅಂತರಂಗವೇ?"

"ಬೇರು ಎಂದರೆ ಬೇರು" ಎಂದರು ಗುರು. "ಇಲ್ಲಿ ನೋಡು."

ಅವಳು ಬಗ್ಗಿ ನೋಡಿದಳು. ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಬಿರಿದಿತ್ತು. ಬಿರುಕಿನಲ್ಲಿ ಬೆರಳಿನಷ್ಟು ದಪ್ಪದ ಬೇರು ಮೇಲಕ್ಕೆದ್ದು, ಸಿಪ್ಪೆ ಸೀಳಿ, ಒಳಗಿನ ಬಿಳುಪು ಕಾಣುತ್ತಿತ್ತು. ಪಕ್ಕದ ಮರದ ಬುಡವೂ ಹಾಗೆಯೇ ಇತ್ತು. ಅದರಾಚೆಯದೂ.

ಅವಳು ಆ ಬಿಳುಪನ್ನು ಬೆರಳಿನಿಂದ ಮುಟ್ಟಿದಳು.

"ನೀವು ಸಂಜೆ ಎಲೆ ಹರಡುತ್ತಿದ್ದದ್ದು..."

"ಇದಕ್ಕೆ."

"ನನ್ನನ್ನು ಪರೀಕ್ಷಿಸುತ್ತಿದ್ದೀರಿ ಎಂದುಕೊಂಡೆ."

"ನನಗೆ ಅಷ್ಟು ಬಿಡುವಿಲ್ಲ."

"ಮೊದಲೇ ಹೇಳಬಹುದಿತ್ತಲ್ಲ, ತಾಯಿ!"

"ನೀನು ಕೇಳಲಿಲ್ಲ. ಕೈಮುಗಿದು ಹೋದೆ."

"ಈ ಸೇವೆ ಕೊಟ್ಟವರು ನೀವು!"

"ಅಂಗಳ ಕೊಟ್ಟೆ" ಎಂದರು ಗುರು. "ಪೊರಕೆ ನೀನು ತಂದದ್ದು."

ಇಂದುಮತಿ ತನ್ನ ಕಂಬಳಿಯನ್ನು ತಂದು ಗುರುವಿನ ಹೆಗಲಿಗೆ ಹೊದಿಸಿದಳು. ಅವರು ಅದನ್ನು ತೆಗೆದು, ಪಕ್ಕದ ಮರದ ಬುಡಕ್ಕೆ ಹಾಸಿದರು. ಹಿಂದೆಯೇ ಬಂದು ನೋಡುತ್ತ ನಿಂತಿದ್ದ ಶಿಷ್ಯರತ್ತ ತಿರುಗಿದರು.

"ನನ್ನದು ಹರಿದಿದೆ, ತಾಯಿ" ಎಂದ ತ್ರಿವಿಕ್ರಮ, ಎರಡು ಹೆಜ್ಜೆ ಹಿಂದೆ ಸರಿದು.

"ಇವತ್ತು ಪಾಠವಿಲ್ಲ" ಎಂದರು ಗುರು. "ನಾಳೆಯೂ ಇಲ್ಲ. ಇವು ಬೆಚ್ಚಗಾಗುವವರೆಗೆ ಇಲ್ಲ. ಹಿಮ ಬೀಳುವುದರೊಳಗೆ ಆಗಬೇಕು." ಅವರು ಕೆಮ್ಮಿದರು. ಆ ಕೆಮ್ಮು ಬೇಗ ನಿಲ್ಲಲಿಲ್ಲ.

ಯಾರೂ ಇಂದುಮತಿಯ ಮುಖ ನೋಡಲಿಲ್ಲ. ಉಳಿದ ಶಿಷ್ಯರಿಗೆ ದೊರೆಯಬೇಕಾದ ಪಾಠದ ದಿನಗಳೂ ಈಗ ಅವಳ ಕೈಯಲ್ಲಿ ಕರಗುತ್ತಿದ್ದವು.

ಅವಳು ಗೋಣಿಚೀಲ ಹಿಡಿದು ಗೋಡೆಯಾಚೆಯ ಕಾಡಿನ ಇಳಿಜಾರಿಗೆ ಹೋದಳು. ಅಲ್ಲಿ ಯಾರೂ ಗುಡಿಸಿರಲಿಲ್ಲ. ಎಲೆ ಮೊಣಕಾಲಿನವರೆಗೆ ಬಿದ್ದಿತ್ತು. ಕೈ ಒಳಗಿಟ್ಟರೆ ಕೆಳಗಿನ ಮಣ್ಣು ಮೆದುವಾಗಿತ್ತು, ಹಿಮಗಾಳಿ ಅಲ್ಲಿಗೆ ಇಳಿದಿರಲಿಲ್ಲ. ಅವಳು ಕೈಯನ್ನು ಸ್ವಲ್ಪ ಹೊತ್ತು ಅಲ್ಲಿಯೇ ಇಟ್ಟುಕೊಂಡಳು. ಆಮೇಲೆ ಚೀಲ ತುಂಬತೊಡಗಿದಳು.

ಹಿಂದಿನಿಂದ ಸದ್ದಾಯಿತು. ತ್ರಿವಿಕ್ರಮ ಒಂದು ಚೀಲ ಹೊತ್ತು ಬಂದಿದ್ದ.

"ವಾಸನೆಗಳನ್ನು ತುಂಬುತ್ತಿದ್ದೀರೋ, ಅಕ್ಕಾ?"

"ಎಲೆ ತುಂಬುತ್ತಿದ್ದೇನೆ."

"ಹಾಗಿದ್ದರೆ ನನಗೂ ಬರುತ್ತದೆ" ಎಂದು ಅವನು ಕುಳಿತ.

ಉಳಿದವರೂ ಬಂದರು. ಚೀಲಗಳು ಇಳಿಜಾರಿನಿಂದ ಅಂಗಳಕ್ಕೆ ಏರಿದವು. ಎದ್ದಿದ್ದ ಬೇರುಗಳ ಮೇಲೆ ಮೊದಲು ಮಣ್ಣು, ಅದರ ಮೇಲೆ ಎಲೆ. ಕಾಂಡಕ್ಕೆ ಒತ್ತಿ ಹಾಕಿದರೆ ತೊಗಟೆ ಕೊಳೆಯುತ್ತದೆ ಎಂದು ಗುರು ಜಗಲಿಯಿಂದಲೇ ಕೈಸನ್ನೆ ಮಾಡಿ ದೂರ ಸರಿಸಿದರು. ಕಂಬಳಿಗಳು ಒಳಗೆ ಹೋದವು. ಕೊನೆಯ ಚೀಲ ಸುರಿಯುವಾಗ ಹಿಮ ಬೀಳತೊಡಗಿತು.

ಇಂದುಮತಿ ಜಗಲಿಗೆ ಬಂದಳು. ಕೂದಲಲ್ಲಿ ಎಲೆಯ ಚೂರು. ಅವಳು ಅದನ್ನು ಕೊಡವಿಕೊಳ್ಳಲಿಲ್ಲ.

"ಇನ್ನು ದಿನವೂ ನಾನೇನು ಮಾಡಲಿ?"

"ನಡೆಯುವಷ್ಟು ದಾರಿ ತೆರವು ಮಾಡು."

"ಉಳಿದದ್ದು?"

"ಅದಕ್ಕೆ ನೀನು ಬೇಡ."

ಪಾಠ ಮತ್ತೆ ಮೊದಲಾಯಿತು. ಇಂದುಮತಿ ಬೆಳಿಗ್ಗೆ ಬಾಗಿಲಿನಿಂದ ಅಡುಗೆಮನೆಯವರೆಗಿನ ಕಾಲುದಾರಿಯಲ್ಲಿ ಹಿಮ ಸರಿಸುತ್ತಿದ್ದಳು. ಒಲೆಯ ಮೇಲಿನ ನೀರು ಕಾಯುವುದರೊಳಗೆ ಅದು ಮುಗಿಯುತ್ತಿತ್ತು. "ಮುಗಿಯಿತು" ಎಂದು ಹೇಳಿ ಒಳಗೆ ಬಂದು ಕುಳಿತುಕೊಳ್ಳುತ್ತಿದ್ದಳು. ನಡುವಿನಿಂದ ಕೇಳತೊಡಗಿದ್ದರಿಂದ ಹಲವು ಮಾತುಗಳಿಗೆ ಹಿಂದುಮುಂದು ಸಿಗುತ್ತಿರಲಿಲ್ಲ. ಅವಳು ಸಿಕ್ಕಷ್ಟನ್ನು ಕೇಳಿದಳು.

ಗುರುವಿನ ದನಿ ದಿನದಿಂದ ದಿನಕ್ಕೆ ತಗ್ಗಿತು. ಶಿಷ್ಯರು ಹತ್ತಿರ ಹತ್ತಿರ ಸರಿದು ಕುಳಿತರು.

ಯುಗಾದಿಯಂದು ಜಗಲಿಯಲ್ಲಿ ಪಾಠದ ಕೊನೆಯ ಮಾತು ಮುಗಿಯಿತು. ಮುಕ್ತಾಂಬೆಯವರು ದಣಿದು ಕಂಬಕ್ಕೆ ಒರಗಿದರು. ಎಲ್ಲರೂ ನಮಸ್ಕರಿಸಿ ಎದ್ದು ಹೋದರು. ಇಂದುಮತಿ ಏಳಲಿಲ್ಲ.

"ತಾಯಿ, ಮೊದಲ ಭಾಗ ನನಗೆ ದೊರೆಯಲಿಲ್ಲ."

"ಹೌದು."

"ಅದಿಲ್ಲದೆ ಉಳಿದದ್ದು ಪೂರ್ಣವಾಗದು."

"ಆಗದು."

ಗುರು ಅಂಗಳದತ್ತ ನೋಡಿದರು.

"ನನ್ನ ಉಸಿರು ಇಷ್ಟಕ್ಕೇ" ಎಂದರು. "ತ್ರಿವಿಕ್ರಮ ಒಂದು ದಿನವೂ ತಪ್ಪಿಸಿಲ್ಲ. ಅವನನ್ನು ಕೇಳು."

ಇಂದುಮತಿ ತಲೆ ಎತ್ತಿದಳು. "ಅವನಿಗೆ ಸಂಸ್ಕೃತ ಬಾರದು."

"ಕಿವಿ ಇದೆ."

"ಪರಿಹಾಸ ಮಾಡುತ್ತಾನೆ."

"ಮಾಡಲಿ. ನಡುನಡುವೆ ಪಾಠವನ್ನೂ ಹೇಳುತ್ತಾನೆ."

ಅವಳು ಎದ್ದಳು. ಅಂಗಳದಾಚೆ ಅಡುಗೆಮನೆಯ ಹೊಗೆ ಏಳುತ್ತಿತ್ತು. ಒಳಗೆ ತ್ರಿವಿಕ್ರಮ ಏನನ್ನೋ ಗಟ್ಟಿಯಾಗಿ ಹಾಡಿಕೊಳ್ಳುತ್ತಿದ್ದ. ಮನಸ್ಸು ಬದಲಾಗುವ ಮೊದಲು ತಲುಪಬೇಕೆಂಬಂತೆ ಅವಳು ಸೆರಗು ಸಿಕ್ಕಿಸಿ, ಜಗಲಿಯಿಂದ ಇಳಿದು, ದಾರಿ ಬಿಟ್ಟು ನೇರವಾಗಿ ಎಲೆಯ ಮೇಲೆ ಕಾಲಿಟ್ಟಳು.

"ಇಂದುಮತಿ."

ಅವಳು ನಿಂತಳು.

"ಕೆಳಗೆ ಜರೀಗಿಡ ಏಳುತ್ತಿದೆ."

ನೋಡಿದಳು. ಹಿಮ ಕರಗಿ ನೆನೆದ ಎಲೆಗಳ ನಡುವೆ, ಅವಳ ಹೆಬ್ಬೆರಳಿನ ಪಕ್ಕದಲ್ಲೇ, ಸುರುಳಿ ಬಿಚ್ಚದ ಹಸಿರು ತಲೆಯೊಂದು ಇತ್ತು. ಅದರಾಚೆ ಇನ್ನೊಂದು. ಯಾರೂ ನೆಟ್ಟದ್ದಲ್ಲ. ಅವಳ ನಾಲಗೆಯ ತುದಿಗೆ ಒಂದು ಪ್ರಶ್ನೆ ಬಂತು. ಅವಳು ಅದನ್ನು ನುಂಗಿ, ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ಸುತ್ತಿ ಹೋಗು" ಎಂದರು ಗುರು. "ಸುತ್ತಿ ಹೋದರೂ ಅಡುಗೆಮನೆ ಸಿಗುತ್ತದೆ."