ಊಟ ಸೇರಿದ ದಿನ

“ಗುರುಗಳೇ, ಒಂದು ವಿಷಯಕ್ಕೆ ನೂರು ಮಾತು ಸಿಗುವ ಈ ಕಾಲದಲ್ಲಿ ಯಾವುದನ್ನು ನಂಬಬೇಕು?” ಎಂದು ಬಸವಂತ ಕೇಳಿದ.

ಗುರುಗಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿದರೆ ಕಾಣುತ್ತದೆ, ತಡಮಾಡಿದರೆ ಕಷ್ಟ ಎಂದು ವೈದ್ಯರು ಹೇಳಿದ್ದರು. ನೀನು ಹೇಳಿದಂತೆ ಆಗಲಿ ಎಂದು ಗುರುಗಳು ಶಿಷ್ಯನಿಗೇ ಬಿಟ್ಟಿದ್ದರು. ಅಂದಿನಿಂದ ಬಸವಂತ ಮೊಬೈಲಿನಲ್ಲಿ ಓದಿದ್ದೇ ಓದಿದ್ದು. ಶಸ್ತ್ರಚಿಕಿತ್ಸೆ ಕೆಟ್ಟು ಇದ್ದ ದೃಷ್ಟಿಯೂ ಹೋದವರ ಕತೆಗಳನ್ನು ತಪ್ಪದೆ ಬಂದು ಹೇಳುತ್ತಿದ್ದ. ಕಣ್ಣು ಬಂದವರ ಕತೆಗಳೂ ಬೇಕಾದಷ್ಟು ಸಿಕ್ಕಿದ್ದವು. ಅವನ್ನು ಆಸ್ಪತ್ರೆಯವರೇ ಬರೆಸಿದ್ದಿರಬೇಕು ಎಂದು ಬಿಟ್ಟುಬಿಡುತ್ತಿದ್ದ. ಗುರುಗಳಿಗೆ ದಿನವೂ ಪುಸ್ತಕ ಓದಿ ಹೇಳುವವನು ಅವನೇ. ಆ ಹೊತ್ತಿಗಾಗಿಯೇ ಅವನು ಬೆಳಗಿನಿಂದ ಕಾಯುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಅವನಿಗೆ ತಾಯಿಯಿಲ್ಲದ ಒಬ್ಬಳೇ ಮಗಳು. ಅವಳಿಗೊಂದು ಸಂಬಂಧ ಬಂತು, ಅವಳಿಗೂ ಮನಸ್ಸಿತ್ತು. ಹುಡುಗನ ಗುಣ ವಿಚಾರಿಸಿ ಹೇಳುತ್ತೇನೆ ಎಂದ ಅಪ್ಪ. ಊರೂರಿನ ಸಂತೆ ಸುತ್ತುವವನಿಗೆ ಸುದ್ದಿಗೇನು ಬರ? ಕೆಲವರು ಹುಡುಗ ಅಪ್ಪಟ ಚಿನ್ನ ಎಂದರು. ಕೆಲವರು ಮುಂಗೋಪಿ ಎಂದರು. ಹೊಗಳಿದವರು ಹುಡುಗನ ನೆಂಟರೇ ಇರಬೇಕು ಎಂದು ವ್ಯಾಪಾರಿ ಅನುಮಾನಪಟ್ಟ. ದೂರಿದವರನ್ನು ಮಾತ್ರ ನೀವು ಯಾರು, ಎತ್ತ ಎಂದು ಕೇಳಲೇ ಇಲ್ಲ. ಹೀಗೇ ತಿಂಗಳುಗಳು ಕಳೆದವು. ಗಂಡಿನವರು ಕಾದು ಕಾದು ಬೇಸತ್ತರು. ಈ ವಾರ ಉತ್ತರ ಬಾರದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿಕಳಿಸಿದರು.

ಅಂದು ವ್ಯಾಪಾರಿ ಸಂತೆಯಿಂದ ಬಂದವನೇ, ಹುಡುಗ ಶುದ್ಧ ಸೋಮಾರಿಯಂತೆ ಎನ್ನುತ್ತಾ ಊಟಕ್ಕೆ ಕೂತ. ಇನ್ನೊಂದು ರೊಟ್ಟಿ ಹಾಕು ಎಂದ. ಮಗಳು ರೊಟ್ಟಿ ಹಾಕಿ ಎದುರಿಗೆ ಕೂತಳು.

“ಅಪ್ಪಾ, ಹುಡುಗ ಒಳ್ಳೆಯವನು ಅಂತ ಕೇಳಿ ಬಂದ ದಿನ ನಿನಗೆ ತುತ್ತೇ ಇಳಿಯೋದಿಲ್ಲ. ಕೆಟ್ಟವನು ಅಂತ ಕೇಳಿ ಬಂದ ದಿನ ಹೊಟ್ಟೆ ತುಂಬ ಉಣ್ತೀಯ.”

ವ್ಯಾಪಾರಿಯ ಕೈ ತಟ್ಟೆಯಲ್ಲೇ ನಿಂತಿತು. ತನ್ನ ಮನಸ್ಸು ಏನು ಬೇಡಿಕೊಂಡು ಸಂತೆ ಸುತ್ತುತ್ತಿತ್ತು ಎಂದು ಅವನಿಗೆ ಆಗ ತಿಳಿಯಿತು. ನಾಚಿಕೆಯಾಯಿತು, ದುಃಖವೂ ಆಯಿತು.

“ನೀನು ಹೋದರೆ ಈ ಮನೆಯಲ್ಲಿ ನಾನು ಯಾರ ಜೊತೆ ಮಾತಾಡಲಿ, ತಾಯಿ?” ಎಂದು ಅತ್ತುಬಿಟ್ಟ. ಮರುದಿನ ತಾನೇ ಹುಡುಗನ ಊರಿಗೆ ಹೋದ. ಒಂದು ಹಗಲೆಲ್ಲ ಅವನ ಜೊತೆಗಿದ್ದು, ಕಣ್ಣಾರೆ ನೋಡಿ, ಮದುವೆಗೆ ಮಾತು ಕೊಟ್ಟು ಬಂದ.

ಕತೆ ಮುಗಿಯಿತು. ಬಸವಂತ ಮೊಬೈಲನ್ನು ಪಕ್ಕಕ್ಕಿಟ್ಟ. ಪ್ರೀತಿ ಇದ್ದದ್ದೇ ಆ ವ್ಯಾಪಾರಿಯ ತಪ್ಪೇ ಎಂದು ತಗ್ಗಿದ ದನಿಯಲ್ಲಿ ಕೇಳಿದ.

ಗುರುಗಳು ತಡವರಿಸುತ್ತಾ ಕೈಚಾಚಿ ಅವನ ತಲೆ ಸವರಿದರು.

“ಕಣ್ಣು ಬಂದ ಮೇಲೂ ನೀನೇ ಓದು ಮಗು, ನಾನು ಕೇಳುತ್ತೇನೆ” ಎಂದರು.

ಬಸವಂತ ಮೊಬೈಲನ್ನು ಮತ್ತೆ ಕೈಗೆತ್ತಿಕೊಂಡು ವೈದ್ಯರಿಗೆ ಕರೆ ಮಾಡಿದ.