ಮತ್ತೆ ಕುಂಬಳಕಾಯಿಯಿಂದ

"ಮೇಡಂ, ನನಗೆ ಮಗು ಬೇಕು. ನಮ್ಮ ವಿಭಾಗದ ಮುಖ್ಯಸ್ಥರು, ಮೊದಲು ಸರ್ಜರಿ ತರಬೇತಿ ಮುಗಿಸಮ್ಮ, ಮಗು ಎಲ್ಲಿಗೆ ಓಡಿಹೋಗುತ್ತದೆ ಅನ್ನುತ್ತಾರೆ. ಅದು ಮುಗಿಯುವಷ್ಟರಲ್ಲಿ ನನಗೆ ಮೂವತ್ತೇಳು ದಾಟುತ್ತದೆ. ನಾನು ಕಾಯಬೇಕೇ?"

ಆಪರೇಷನ್ ಮುಗಿಸಿ ಕೈ ತೊಳೆಯುತ್ತಿದ್ದ ಡಾಕ್ಟರ್ ವತ್ಸಲಾಬಾಯಿ ನಲ್ಲಿ ನಿಲ್ಲಿಸಿ, ಶಿಷ್ಯೆ ಹೇಮಲತೆಯನ್ನು ಪಕ್ಕದ ಬೆಂಚಿನ ಮೇಲೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಹಿಂದೆ ಒಬ್ಬ ಶಸ್ತ್ರವೈದ್ಯನಿದ್ದ. ಅವನ ಮನೆಯಲ್ಲಿ ಹಲವರು ವಿದ್ಯೆ ಕಲಿಯುತ್ತಿದ್ದರು. ಸೇರಿದವರಿಗೆ ಮೊದಲು ಕೊಡುತ್ತಿದ್ದುದು ಒಂದು ಕುಂಬಳಕಾಯಿ. ಅದರ ಸಿಪ್ಪೆಯನ್ನು ಮಾತ್ರ ಸೀಳಿ, ತಿರುಳಿಗೆ ತಾಗದಂತೆ ಕೈ ತಡೆಯಲು ಬರಬೇಕು. ಅದು ಬಂದವರಿಗೆ ಸೀಳಲು ನೀರು ತುಂಬಿದ ತೊಗಲಿನ ಚೀಲ. ವರ್ಷಗಳು ಕಳೆದ ಮೇಲೆ ರೋಗಿಯ ಪಕ್ಕದಲ್ಲಿ ಜಾಗ. ನಡುವೆ ಬಿಟ್ಟುಹೋಗಿ ಮರಳಿದವರು ಮತ್ತೆ ಕುಂಬಳಕಾಯಿಯಿಂದ ಶುರುಮಾಡಬೇಕು. ಬಿಟ್ಟ ಕೈ ಮರೆಯುತ್ತದೆ ಎಂಬುದು ವೈದ್ಯನ ನಿಯಮ.

ರೋಗಿಯ ಪಕ್ಕ ನಿಲ್ಲುವ ಹಂತಕ್ಕೆ ಇಬ್ಬರು ಬಂದಿದ್ದರು, ಒಬ್ಬ ಗಂಡಸು, ಒಬ್ಬಳು ಹೆಂಗಸು. ಗಂಡಸು ಮಾವಿನಕಾಯಿಯ ಆಸೆಗೆ ಮರ ಹತ್ತಿ, ಬಿದ್ದು ಬಲಗೈಯನ್ನೇ ಮುರಿದುಕೊಂಡ. ಅರ್ಧ ವರ್ಷ ಊರಲ್ಲಿ ಮಲಗಿ ಬಂದ. ಪಾಪ, ಸೊರಗಿಹೋಗಿದ್ದಾನೆ ಎಂದು ವೈದ್ಯ ಅವನಿಗೆ ಹಾಲು ತುಪ್ಪ ಕೊಡಿಸಿ ಹಿಂದಿನ ಜಾಗದಲ್ಲೇ ನಿಲ್ಲಿಸಿದ. ಕುಂಬಳಕಾಯಿಯ ಸುದ್ದಿ ಯಾರೂ ಎತ್ತಲಿಲ್ಲ.

ಆಮೇಲೆ ಹೆಂಗಸು ಹೆರಿಗೆಗೆ ಹೋದಳು. ಅಷ್ಟೇ ಸಮಯ ಕಳೆದು, ಕೂಸನ್ನು ತನ್ನ ತಾಯಿಯ ಮಡಿಲಲ್ಲಿ ಬಿಟ್ಟು ಮರಳಿದಳು. ಬಾಗಿಲಲ್ಲೇ ಅವಳ ಮುಂದೆ ಕುಂಬಳಕಾಯಿ ಬಂತು. ತಂದಿಟ್ಟವಳು ಅಲ್ಲಿನ ಹಿರಿಯ ಶಿಷ್ಯೆ. ವಿದ್ಯೆ ಮುಗಿಯಲಿ ಎಂದು ಕಾದಿದ್ದವಳು ಆಕೆ. ಮುಗಿದಾಗ ಅವಳ ಕೈಚಳಕಕ್ಕೆ ಸಾಟಿಯೇ ಇರಲಿಲ್ಲ; ಮಗುವಾಗುವ ವಯಸ್ಸು ಮಾತ್ರ ದಾಟಿತ್ತು.

ಹೆಂಗಸಿಗೆ ಮೈಯೆಲ್ಲ ಉರಿಯಿತು. ಮೊದಲಿನಿಂದ ಶುರುಮಾಡಿದರೆ ಕಲಿತದ್ದೆಲ್ಲ ನೀರಿಗೆ ಹೋದಂತೆ. ಇನ್ನೊಂದು ಮಗು ಬೇಕೆನಿಸಿದರೆ ಇನ್ನೊಂದು ಕುಂಬಳಕಾಯಿ. ಅವಳು ಶಸ್ತ್ರ ತೆಗೆದುಕೊಂಡು ಸಿಪ್ಪೆಯನ್ನು ಸೀಳಿದಳು. ತಿರುಳಿಗೆ ಗೀರೂ ಬೀಳಲಿಲ್ಲ. ಆಮೇಲೆ ಅದೇ ಕಾಯನ್ನು ಎರಡು ಹೋಳು ಮಾಡಿ ಹಿರಿಯಳ ಕೈಗಿಟ್ಟಳು.

"ಅಕ್ಕಾ, ಇದನ್ನು ಹುಳಿಗೆ ಹಾಕಿಸಿ. ನಾನು ಒಳಗೆ ಹೋಗುತ್ತೇನೆ."

ನಿಯಮ ಎಲ್ಲರಿಗೂ ಒಂದೇ ಎಂದು ವೈದ್ಯ ಅಡ್ಡ ನಿಂತ.

"ಹಾಗಾದರೆ ಅವನಿಗೂ ಒಂದು ಕಾಯಿ ತರಿಸಿ. ಇಬ್ಬರೂ ಜೊತೆಯಲ್ಲೇ ಕೂತು ಸೀಳುತ್ತೇವೆ."

ವೈದ್ಯ ಗಂಡಸಿನ ಕಡೆ ನೋಡಿದ. ಗಂಡಸು ಸೊಟ್ಟಗೆ ಕೂಡಿಕೊಂಡಿದ್ದ ಮಣಿಕಟ್ಟನ್ನು ಶಲ್ಯದೊಳಗೆ ಎಳೆದುಕೊಂಡ. ವೈದ್ಯ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಹಿರಿಯ ಶಿಷ್ಯೆ ಅವನ ಅಪ್ಪಣೆಗೆ ಕಾಯದೆ ಹೋಳುಗಳನ್ನು ಅಡುಗೆಮನೆಗೆ ಒಯ್ದಳು. ಜೀವನದಲ್ಲಿ ಅವಳು ಕಾಯದೆ ಮಾಡಿದ ಮೊದಲ ಕೆಲಸ ಅದು. ಹೆಂಗಸು ಒಳಗೆ ಹೋಗಿ ರೋಗಿಯ ಪಕ್ಕ ತನ್ನ ಜಾಗದಲ್ಲಿ ನಿಂತಳು. ಮಧ್ಯಾಹ್ನ ಎಲ್ಲರೂ ಕುಂಬಳಕಾಯಿ ಹುಳಿ ಉಂಡರು. ವೈದ್ಯನೂ ಉಂಡ.

ಹೇಮಲತೆ ನಕ್ಕಳು. ನಕ್ಕು ಮುಗಿದ ಮೇಲೆ ಮತ್ತೆ ಅಳುಕಿದಳು. ಹಾಗಾದರೆ ಮುಖ್ಯಸ್ಥರನ್ನು ಇನ್ನೊಮ್ಮೆ ಕಂಡು ಒಪ್ಪಿಗೆ ಕೇಳಲೇ ಎಂದಳು.

ವತ್ಸಲಾಬಾಯಿ ಬೆಂಚಿನಿಂದ ಎದ್ದರು.

"ಮರ ಹತ್ತುವಾಗ ಅವನು ಯಾರ ಒಪ್ಪಿಗೆ ಕೇಳಿದ್ದ?"